ಭಾನುವಾರದ ಪೇಟೆಯಲ್ಲಿ ಕ್ಯಾಮೆರಾ ಹಿಡಿದವರೊಂದಿಗೆ

ಬೆಂಗಳೂರಿನ ಹಳೆಯ ಪೇಟೆಯಲ್ಲಿ ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಕ್ಯಾಮೆರಾ ಹಿಡಿದು ನಡೆಯುವ ಗುಂಪುಗಳು ಒಂದೆರಡಲ್ಲ. ಅವುಗಳಲ್ಲಿ ಒಂದರ ಜೊತೆ ಕೆಲವು ವರ್ಷಗಳಿಂದ ನಾನೂ ನಡೆಯುತ್ತಿದ್ದೇನೆ. ನಮ್ಮದಕ್ಕೆ ನೋಂದಣಿಯಿಲ್ಲ, ಪದಾಧಿಕಾರಿಗಳಿಲ್ಲ, ಶುಲ್ಕವೂ ಇಲ್ಲ. ಸಿಟಿ ಮಾರ್ಕೆಟ್ಟಿನ ಹತ್ತಿರದ ಒಂದು ಚಹಾದಂಗಡಿಯ ಮುಂದೆ ಬಂದು ನಿಂತವರೆಲ್ಲ ಆ ದಿನದ ಸದಸ್ಯರು. ದೂರವಾಣಿ ಇಲಾಖೆಯಿಂದ ನಿವೃತ್ತರಾದ, ನಾವೆಲ್ಲ ಮೇಷ್ಟ್ರು ಎಂದು ಕರೆಯುವ ಹಿರಿಯರೊಬ್ಬರು ಇವತ್ತಿಗೂ ಫಿಲ್ಮ್ ಕ್ಯಾಮೆರಾದಲ್ಲೇ ತೆಗೆಯುತ್ತಾರೆ. ಚಾಮರಾಜಪೇಟೆಯಲ್ಲಿ ಟೈಲರ್ ಅಂಗಡಿ ಇಟ್ಟಿರುವವರು, ಸಾಫ್ಟ್‌ವೇರ್ ಕೆಲಸದ ಹುಡುಗರು, ಮೊಬೈಲ್ ಫೋನಿನಲ್ಲೇ ನಮ್ಮೆಲ್ಲರಿಗಿಂತ ಚೆನ್ನಾಗಿ ಚಿತ್ರ ತೆಗೆಯುವ ನರ್ಸಿಂಗ್ ವಿದ್ಯಾರ್ಥಿನಿ, ಬ್ಯಾಂಕಿನಲ್ಲಿ ಕೆಲಸ ಮಾಡುವ ನಾನು, ಹೀಗೆ ವಾರದ ಉಳಿದ ದಿನಗಳಲ್ಲಿ ಒಬ್ಬರನ್ನೊಬ್ಬರು ಭೇಟಿಯಾಗಲು ಕಾರಣವೇ ಇಲ್ಲದವರು ಅಲ್ಲಿ ಸೇರುತ್ತೇವೆ. ಫೋಟೊ ತೆಗೆಯುವುದು ಒಬ್ಬರೇ ಮಾಡುವ ಕೆಲಸವಲ್ಲವೇ, ಅದಕ್ಕೆ ಗುಂಪು ಏಕೆ ಬೇಕು ಎಂದು ಮನೆಯಲ್ಲೂ ಕಚೇರಿಯಲ್ಲೂ ಕೇಳುತ್ತಾರೆ. ಮಾರ್ಕೆಟ್ಟಿನ ಬಗ್ಗೆ ಒಂದು ಚಿತ್ರಮಾಲಿಕೆಯನ್ನು ಈ ಗುಂಪಿನ ನಡುವೆಯೇ ಇದ್ದು ಸಿದ್ಧಪಡಿಸಿದ ಅನುಭವವನ್ನು ಹೇಳಿದರೆ ಅವರ ಪ್ರಶ್ನೆಗೆ ಉತ್ತರ ಸಿಗಬಹುದೆಂದು ಇದನ್ನು ಬರೆಯುತ್ತಿದ್ದೇನೆ.

ನಾನು ಬಂದದ್ದಕ್ಕೆ ಮೊದಲ ಕಾರಣ ಬಹಳ ಸರಳ. ಕತ್ತಲು ಪೂರ್ತಿ ಕರಗುವ ಮುನ್ನ ಮಾರ್ಕೆಟ್ಟಿನಂಥ ಜಾಗದಲ್ಲಿ ಹೆಣ್ಣೊಬ್ಬಳು ಕೈಯಲ್ಲಿ ಬೆಲೆಬಾಳುವ ಕ್ಯಾಮೆರಾ ಹಿಡಿದು ಒಂದೇ ಕಡೆ ಅರ್ಧ ಗಂಟೆ ನಿಲ್ಲುವುದು ಸುಲಭವಲ್ಲ. ವ್ಯಾಪಾರಕ್ಕೆ ಬಂದವಳು ಹೂವು ಕೊಂಡು ಹೊರಡುತ್ತಾಳೆ. ಏನೂ ಕೊಳ್ಳದೆ ಸುಮ್ಮನೆ ನಿಂತವಳನ್ನು ನಾಲ್ಕು ಜನ ಬಂದು ವಿಚಾರಿಸುತ್ತಾರೆ, ಐದನೆಯವನು ವಿಚಾರಿಸದೆ ಹಿಂಬಾಲಿಸುತ್ತಾನೆ. ನಮ್ಮವರು ಸುತ್ತಮುತ್ತ ಎಲ್ಲೋ ಇದ್ದಾರೆ ಎಂಬ ಒಂದು ಧೈರ್ಯವಿದ್ದರೆ ಅದೇ ಜಾಗದಲ್ಲಿ ನಿಶ್ಚಿಂತೆಯಿಂದ ನಿಲ್ಲಬಹುದು. ಬೀದಿಯ ಫೋಟೊಗ್ರಫಿಯಲ್ಲಿ ನಿಲ್ಲುವುದೇ ಮುಕ್ಕಾಲು ಪಾಲು ಕೆಲಸ. ಗುಂಪಿನ ಹೆಂಗಸರನ್ನು ಕೇಳಿದರೆ ಹೆಚ್ಚಿನವರು ಇದನ್ನೇ ಮೊದಲು ಹೇಳುತ್ತಾರೆ, ಕಲೆಯ ಮಾತು ಅದರ ನಂತರ ಬರುತ್ತದೆ. ನಡೆಯುವಾಗ ನಾವು ಗುಂಪಾಗಿ ನಡೆಯುವುದಿಲ್ಲ ಎಂಬುದನ್ನೂ ಹೇಳಬೇಕು. ಹತ್ತು ಕ್ಯಾಮೆರಾಗಳು ಒಬ್ಬ ಮನುಷ್ಯನ ಮುಂದೆ ಸಾಲಾಗಿ ನಿಂತರೆ ಅದು ಆತನ ಮೇಲೆ ಮಾಡುವ ದಾಳಿಯೇ ಸರಿ. ಆದ್ದರಿಂದ ಇಬ್ಬಿಬ್ಬರಾಗಿ ಬೇರೆ ಬೇರೆ ಓಣಿ ಹಿಡಿದು ಹೋಗಿ, ಗೊತ್ತುಪಡಿಸಿದ ಹೊತ್ತಿಗೆ ಮತ್ತೆ ಚಹಾದಂಗಡಿಗೆ ಬರುವುದು ನಮ್ಮ ಪದ್ಧತಿ.

ಹೊಸಬರಿಗೆ ಮೇಷ್ಟ್ರು ಮೊದಲು ತೋರಿಸುವುದು ಕ್ಯಾಮೆರಾವನ್ನಲ್ಲ, ಬೀದಿಗಳ ದಿಕ್ಕನ್ನು. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಪೇಟೆಯಲ್ಲಿ ದೊಡ್ಡಪೇಟೆ, ಅಂದರೆ ಇಂದಿನ ಅವೆನ್ಯೂ ರಸ್ತೆ, ಉತ್ತರ ದಕ್ಷಿಣವಾಗಿ ಹಬ್ಬಿದೆ. ಚಿಕ್ಕಪೇಟೆ ಪೂರ್ವ ಪಶ್ಚಿಮವಾಗಿದೆ. ಹೀಗಾಗಿ ಬೆಳಗಿನ ಬಿಸಿಲು ಚಿಕ್ಕಪೇಟೆಯ ಉದ್ದಕ್ಕೂ ನೆಲಮಟ್ಟದಲ್ಲಿ ಹರಿದು ಬರುವಾಗ ಅವೆನ್ಯೂ ರಸ್ತೆ ಇನ್ನೂ ನೆರಳಿನಲ್ಲೇ ಇರುತ್ತದೆ, ಅಡ್ಡ ಓಣಿಗಳು ಬಂದು ಸೇರುವ ಕಡೆ ಮಾತ್ರ ಒಂದೊಂದು ಬೆಳಕಿನ ಪಟ್ಟೆ ಬೀಳುತ್ತದೆ. ಆ ಪಟ್ಟೆಯೊಳಗೆ ಸೈಕಲ್ಲಿನವನೊಬ್ಬ ಬರುವವರೆಗೆ ಕಾಯುವುದು ಅಲ್ಲಿಯ ಕೆಲಸ. ಚಿಕ್ಕಪೇಟೆಯಲ್ಲಾದರೆ ಸೂರ್ಯನಿಗೆ ಎದುರಾಗಿ ನಿಂತು ನೆರಳುಗಳ ಉದ್ದವನ್ನು ನೋಡುವುದು. ಸುಮಾರು ಐದು ನೂರು ವರ್ಷಗಳ ಹಿಂದೆ ಬೀದಿ ಹಾಕಿದವರ ನಿರ್ಧಾರ ಇವತ್ತು ನಾನು ಎಲ್ಲಿ ನಿಲ್ಲಬೇಕೆಂಬುದನ್ನು ತೀರ್ಮಾನಿಸುತ್ತದೆ ಎಂದು ತಿಳಿದ ದಿನದಿಂದ ನನಗೆ ಆ ರಸ್ತೆಗಳ ಮೇಲಿನ ಪ್ರೀತಿ ಇಮ್ಮಡಿಯಾಯಿತು.

ಸಿಟಿ ಮಾರ್ಕೆಟ್ಟಿಗೆ ಬರುವ ಪ್ರತಿಯೊಬ್ಬ ಫೋಟೊಗ್ರಾಫರನೂ ತೆಗೆಯುವ ಒಂದು ಚಿತ್ರವಿದೆ. ಮೇಲಿನ ಮಹಡಿಯ ಕಟಾಂಜನದ ಬಳಿ ನಿಂತು ಕೆಳಗೆ ನೋಡಿದರೆ ಚೆಂಡುಹೂವಿನ ಹಳದಿ ಮತ್ತು ಕೇಸರಿ ರಾಶಿಗಳು, ಸೇವಂತಿಗೆಯ ಬಿಳಿ ರಾಶಿಗಳು, ಅವುಗಳ ನಡುವೆ ಜನರ ತಲೆಗಳು ಕಾಣುತ್ತವೆ. ಕಣ್ಣು ತುಂಬುವ ನೋಟ ಅದು. ನಮ್ಮ ಗುಂಪಿನಲ್ಲಿ ಅದಕ್ಕೊಂದು ಕ್ರಮವಿದೆ: ಮೊದಲ ಸಲ ಬಂದವರು ಮೇಲೆ ಹತ್ತಿ ಮನದಣಿಯೆ ಆ ಚಿತ್ರವನ್ನು ತೆಗೆದುಕೊಳ್ಳಬೇಕು, ಆಮೇಲೆ ಕೆಳಗಿಳಿದು ಬರಬೇಕು. ಮೇಲಿನಿಂದ ಕಾಣುವುದು ಬಣ್ಣ. ಹೂವು ಕಟ್ಟುವವರ ಬೆರಳು ಬಾಳೆನಾರಿನ ಮೇಲೆ ಹೇಗೆ ಓಡುತ್ತದೆ, ಮಾರು ಅಳೆಯುವಾಗ ತೋಳು ಎಷ್ಟು ಚಾಚುತ್ತದೆ, ಗಿರಾಕಿ ಚೌಕಾಸಿ ಮಾಡುವಾಗ ಆ ತೋಳು ಎಷ್ಟು ಕುಗ್ಗುತ್ತದೆ ಎಂಬುದು ಕಾಣಬೇಕಾದರೆ ಒದ್ದೆ ನೆಲದ ಮೇಲೆ, ತೊಟ್ಟು ಮತ್ತು ಕೊಳೆತ ಎಲೆಗಳ ನಡುವೆ ಕುಕ್ಕರಗಾಲಲ್ಲಿ ಕೂರಲೇಬೇಕು.

ಕೆಳಗಿಳಿದ ಮೇಲೆ ತಾಂತ್ರಿಕವಾಗಿ ಕಲಿಯಬೇಕಾದದ್ದು ಹೆಚ್ಚೇನಿಲ್ಲ, ಆದರೆ ಅದು ಕೈಗೆ ಅಭ್ಯಾಸವಾಗಬೇಕು. ಜನಜಂಗುಳಿಯಲ್ಲಿ ಕ್ಯಾಮೆರಾ ಫೋಕಸ್ ಹುಡುಕುತ್ತ ಕೂತರೆ ಗಳಿಗೆ ಕಳೆದುಹೋಗುತ್ತದೆ. ಆದ್ದರಿಂದ 28 ಮಿಲಿಮೀಟರ್ ಲೆನ್ಸಿನ ಬೆಳಕಿನ ಕಿಂಡಿಯನ್ನು ಎಫ್8 ಎಂಬ ಕಿರಿದಾದ ಅಳತೆಗೆ ಇಟ್ಟು, ಫೋಕಸನ್ನು ಎರಡೂವರೆ ಮೀಟರಿಗೆ ಕಟ್ಟಿಬಿಟ್ಟರೆ, ಫುಲ್ ಫ್ರೇಮ್, ಅಂದರೆ 35 ಮಿಲಿಮೀಟರ್ ಫಿಲ್ಮಿನ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರಿನ ಕ್ಯಾಮೆರಾದಲ್ಲಿ ಸುಮಾರು ಒಂದೂವರೆ ಮೀಟರಿನಿಂದ ಹತ್ತು ಮೀಟರಿನವರೆಗೆ ಇರುವುದೆಲ್ಲ ಸ್ಪಷ್ಟವಾಗಿ ಬರುತ್ತದೆ. ಮಾರ್ಕೆಟ್ಟಿನ ಒಳಗೆ ಬೆಳಕು ಕಡಿಮೆಯಾದ್ದರಿಂದ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಏರಿಸಬೇಕಾಗುತ್ತದೆ, ಚಿತ್ರದಲ್ಲಿ ಸ್ವಲ್ಪ ತರಿತರಿ ಬರುತ್ತದೆ. ಅದನ್ನು ಯಾರೂ ದೊಡ್ಡ ದೋಷವೆಂದು ಎಣಿಸುವುದಿಲ್ಲ. ದೊಡ್ಡ ಸವಾಲು ಟಾರ್ಪಾಲಿನದು. ನೀಲಿ ಟಾರ್ಪಾಲಿನ ಕೆಳಗೆ ಕೂತವರ ಮುಖವೆಲ್ಲ ನೀಲಿ, ಕೆಂಪು ಪ್ಲಾಸ್ಟಿಕ್ ಹಾಳೆಯ ಕೆಳಗಿನವರ ಮುಖ ಕೆಂಪು, ಎರಡರ ಸಂದಿನಿಂದ ಇಳಿದ ಬಿಸಿಲಿನ ಕೋಲು ಮಾತ್ರ ಬಿಳಿ. ಗುಂಪಿನಲ್ಲಿ ಕೆಲವರು ಇದರಿಂದಲೇ ಕಪ್ಪು ಬಿಳುಪಿಗೆ ತಿರುಗಿದರು. ನಾನು ಬಣ್ಣವನ್ನೇ ಉಳಿಸಿಕೊಂಡೆ, ಏಕೆಂದರೆ ಆ ನೀಲಿ ಬೆಳಕಿನಲ್ಲಿ ದಿನವಿಡೀ ಕೂರುವುದು ಅವರ ಬದುಕಿನ ಭಾಗ, ಅದನ್ನು ಅಳಿಸುವ ಹಕ್ಕು ನನಗಿದೆ ಎಂದು ನನಗನ್ನಿಸಲಿಲ್ಲ.

ಹಕ್ಕಿನ ಮಾತು ಬಂದಿದ್ದರಿಂದ ಚಹಾದಂಗಡಿಯ ಮುಂದೆ ನಡೆಯುವ ಅತಿ ಬಿಸಿಯಾದ ಚರ್ಚೆಯನ್ನು ಹೇಳಬೇಕು. ಸಾರ್ವಜನಿಕ ಜಾಗದಲ್ಲಿ ಫೋಟೊ ತೆಗೆಯಲು ಸಾಮಾನ್ಯವಾಗಿ ಕಾನೂನಿನ ಅಡ್ಡಿಯಿಲ್ಲ ಎಂದು ಒಬ್ಬರು ಶುರುಮಾಡಿದರೆ, ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ್ದನ್ನು ಇನ್ನೊಬ್ಬರು ನೆನಪಿಸುತ್ತಾರೆ. ಆ ಪ್ರಕರಣದ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ತೀರ್ಪು ಬೀದಿಯ ಫೋಟೊಗ್ರಫಿಯ ಬಗ್ಗೆ ಬಂದದ್ದಲ್ಲ, ಆದರೂ ಬೀದಿಯಲ್ಲಿ ನಿಂತ ಮನುಷ್ಯ ತನ್ನ ಘನತೆಯನ್ನು ಮನೆಯಲ್ಲಿ ಬಿಟ್ಟು ಬಂದಿರುವುದಿಲ್ಲ ಎಂಬ ಮಾತಿಗೆ ಅದು ಬಲ ಕೊಡುತ್ತದೆ. ಕಾನೂನು ಏನು ಬಿಡುತ್ತದೆ ಎನ್ನುವುದಕ್ಕಿಂತ ಬಿಗಿಯಾದ ಕೆಲವು ಕಟ್ಟಳೆಗಳನ್ನು ನಾವೇ ಹಾಕಿಕೊಂಡಿದ್ದೇವೆ. ಫುಟ್‌ಪಾತಿನಲ್ಲಿ ಮಲಗಿದವರನ್ನು ತೆಗೆಯುವುದಿಲ್ಲ. ಭಿಕ್ಷೆ ಬೇಡುವವರನ್ನು ತೆಗೆಯುವುದಿಲ್ಲ. ಮಕ್ಕಳಾದರೆ ಜೊತೆಯಲ್ಲಿರುವ ದೊಡ್ಡವರನ್ನು ಕೇಳಿಯೇ ತೆಗೆಯಬೇಕು. ಬೇಡ ಎಂದು ಯಾರಾದರೂ ಹೇಳಿದರೆ ವಾದಿಸದೆ ಅವರ ಕಣ್ಣೆದುರೇ ಅಳಿಸಬೇಕು. ಫಿಲ್ಮಿನಲ್ಲಿ ಅಳಿಸುವುದು ಸಾಧ್ಯವಿಲ್ಲವಾದ್ದರಿಂದ ಮೇಷ್ಟ್ರು ಮೊದಲೇ ಕೇಳುತ್ತಾರೆ, ಇಲ್ಲವೇ ಗುರುತು ಸಿಗದಷ್ಟು ದೂರದಿಂದ ತೆಗೆಯುತ್ತಾರೆ. ಮೊದಲೇ ಕೇಳಿದರೆ ಸಹಜತೆ ಹೋಗುತ್ತದೆ ಎಂದು ಹೊಸಬರು ವಾದಿಸುವುದುಂಟು. ಆ ಭಯ ನಿಜವಲ್ಲ ಎಂಬುದು ನನ್ನ ಅನುಭವ. ಕೇಳಿದ ಮೇಲೂ ಅಲ್ಲೇ ಕೂತಿದ್ದರೆ, ಹತ್ತು ನಿಮಿಷದಲ್ಲಿ ಜನ ನಮ್ಮನ್ನು ಮರೆತು ತಮ್ಮ ಕೆಲಸಕ್ಕೆ ಮರಳುತ್ತಾರೆ. ವ್ಯಾಪಾರದ ಹೊತ್ತಿನಲ್ಲಿ ನಮಗೆ ಪೋಸು ಕೊಡುತ್ತ ಕೂರಲು ಅಲ್ಲಿ ಯಾರಿಗೂ ಪುರುಸೊತ್ತಿಲ್ಲ.

ಗುಂಪಿನ ಇನ್ನೊಂದು ವಾಡಿಕೆ ನನ್ನ ಕೆಲಸದ ದಿಕ್ಕನ್ನೇ ಬದಲಿಸಿತು. ತೆಗೆದ ಚಿತ್ರದಲ್ಲಿ ಗುರುತು ಸಿಗುವಂತೆ ಇರುವವರಿಗೆ ಪ್ರಿಂಟ್ ಹಾಕಿಸಿ ಕೊಡಬೇಕು ಎಂಬುದು ಆ ವಾಡಿಕೆ. ಸ್ಟುಡಿಯೋದಲ್ಲಿ ಪೋಸ್ಟ್ ಕಾರ್ಡ್ ಅಳತೆಯ ಪ್ರತಿಗೆ ದೊಡ್ಡ ಖರ್ಚೇನೂ ಬೀಳುವುದಿಲ್ಲ. ಕಂಬದ ಬುಡದಲ್ಲಿ ಕೂತು ಕಾಕಡ, ಕನಕಾಂಬರ ಕಟ್ಟಿ ಮಾರುವ ಅಜ್ಜಿಯೊಬ್ಬರ ಚಿತ್ರವನ್ನು ಹೀಗೆ ಒಯ್ದುಕೊಟ್ಟೆ. ಮೊದಲ ದಿನ ಅವರು, ‘ನನ್ನ ಮೂತಿ ಏನ್ ತೆಗೀತೀಯವ್ವಾ, ಹೂವ ತೆಗಿ’ ಎಂದು ಗದರಿ, ಆಮೇಲೆ ನಕ್ಕು ಒಪ್ಪಿದ್ದರು. ಪ್ರಿಂಟನ್ನು ಕೈಗೆ ತೆಗೆದುಕೊಂಡವರು ತಮ್ಮ ಮುಖವನ್ನು ನೋಡಲೇ ಇಲ್ಲ, ಮುಂದಿದ್ದ ಮಂಕರಿಯನ್ನು ನೋಡಿದರು. ‘ಇದು ವರಮಹಾಲಕ್ಷ್ಮಿ ಹಬ್ಬದ ವಾರದ್ದು. ಕನಕಾಂಬರ ನೋಡು, ಒಂದು ಹಿಡಿ ತಂದಿದ್ದೆ ಅಷ್ಟೇ’ ಎಂದರು. ಹಬ್ಬದ ವಾರದಲ್ಲಿ ಕನಕಾಂಬರದ ಬೆಲೆ ಕಿಲೋಗೆ ಸಾವಿರ ರೂಪಾಯಿ ದಾಟುತ್ತದೆ, ಅಷ್ಟು ಬಂಡವಾಳ ಹೂಡುವ ಶಕ್ತಿ ಚಿಲ್ಲರೆ ಮಾರುವವರಿಗೆ ಇರುವುದಿಲ್ಲ. ನಾನು ಬರೀ ಬಣ್ಣಕ್ಕಾಗಿ ಚೌಕಟ್ಟಿನಲ್ಲಿ ಸೇರಿಸಿಕೊಂಡಿದ್ದ ಆ ಪುಟ್ಟ ಕೆಂಪು ಗುಪ್ಪೆಯಲ್ಲಿ ಅವರು ಆ ವಾರದ ಲೆಕ್ಕವನ್ನೇ ಓದಿದರು. ಆಮೇಲೆ ಚಿತ್ರದ ಎಡ ಅಂಚಿಗೆ ಬೆರಳಿಟ್ಟು, ‘ಇವನ ಭುಜ ಮಾತ್ರ ಬಂದೈತಲ್ಲವ್ವಾ, ಹೂವ ಹೊತ್ತು ತಂದು ಹಾಕೋನು ಇವನೇ, ಇವನದೂ ಒಂದು ತೆಗಿ’ ಎಂದರು.

ಅಲ್ಲಿಂದ ಮುಂದೆ ನಾನು ಹೂವನ್ನು ಬಿಟ್ಟು ಹೂವು ಹೊರುವವರ ಹಿಂದೆ ಹೋದೆ. ಕೋಲಾರ, ಚಿಕ್ಕಬಳ್ಳಾಪುರ, ಹೊಸೂರಿನ ಕಡೆಯಿಂದ ಬಂದ ಮೂಟೆಗಳು ವಾಹನದಿಂದ ಇಳಿದು ಸಗಟು ವ್ಯಾಪಾರದ ಮಂಡಿಗೆ, ಮಂಡಿಯಿಂದ ಚಿಲ್ಲರೆಯವರ ಮಂಕರಿಗೆ ತಲುಪುವುದು ಈ ಹಮಾಲರ ತಲೆಯ ಮೇಲೆಯೇ. ‘ಸೈಡ್, ಸೈಡ್’ ಎಂದು ಕೂಗುತ್ತ ಜನರ ನಡುವೆ ದಾರಿ ಬಿಡಿಸಿಕೊಂಡು ಬರುವ ಅವರನ್ನು ನಾವೆಲ್ಲ ಪಕ್ಕಕ್ಕೆ ಸರಿದು ದಾಟಿಸುತ್ತಿದ್ದೆವೇ ಹೊರತು ನಮ್ಮ ಚಿತ್ರಗಳಲ್ಲಿ ಅವರಿಗೆ ಜಾಗ ಸಿಕ್ಕಿದ್ದು ಕಡಿಮೆ. ಅವರ ವೇಗಕ್ಕೆ ನನ್ನ ಕಾಲು ಹೊಂದಿಕೊಳ್ಳಲು ಸಾಕಷ್ಟು ಭಾನುವಾರಗಳು ಬೇಕಾದವು. ಮುಂದೆ ನಿಂತರೆ ಅವರಿಗೆ ಅಡ್ಡಿ, ಹಿಂದೆ ನಿಂತರೆ ಬರೀ ಮೂಟೆ. ತಿರುವುಗಳಲ್ಲಿ, ಅವರು ವೇಗ ತಗ್ಗಿಸಲೇಬೇಕಾದ ಕಡೆ ಗೋಡೆಗೆ ಒರಗಿ ನಿಲ್ಲುವುದೊಂದೇ ದಾರಿ ಎಂದು ತೋರಿಸಿಕೊಟ್ಟವಳು ಫೋನಿನಲ್ಲಿ ತೆಗೆಯುವ ಆ ವಿದ್ಯಾರ್ಥಿನಿ.

ತೆಗೆದ ಚಿತ್ರಗಳನ್ನು ಅದೇ ದಿನ ನೋಡಿ ಹಂಚುವುದನ್ನು ಮೇಷ್ಟ್ರು ಒಪ್ಪುವುದಿಲ್ಲ. ತೆಗೆದಾಗಿನ ಹುಮ್ಮಸ್ಸು ಇಳಿದ ಮೇಲೆಯೇ ಚಿತ್ರ ಕಾಣುವುದು ಎಂಬ ಅವರ ಮಾತಿಗೆ ನ್ಯೂಯಾರ್ಕಿನ ಬೀದಿ ಫೋಟೊಗ್ರಾಫರ್ ಗ್ಯಾರಿ ವಿನೊಗ್ರಾಂಡ್ ಅವರ ಆಧಾರ. ಆತ ತಾನು ತೆಗೆದದ್ದನ್ನು ಬೇಕೆಂದೇ ಬಹುಕಾಲ ನೋಡದೆ ಇಡುತ್ತಿದ್ದರು. 1984ರಲ್ಲಿ ತೀರಿಕೊಂಡಾಗ ಸುಮಾರು 2,500 ರೋಲುಗಳು ಸಂಸ್ಕರಣೆಯಾಗದೆ ಉಳಿದಿದ್ದವು. ಅಷ್ಟು ದೂರ ಹೋಗಬೇಕಾಗಿಲ್ಲ ಎಂದು ನನಗನ್ನಿಸುತ್ತದೆ. ಆದರೆ ಒಂದೆರಡು ತಿಂಗಳು ತಡೆದರೆ, ಯಾವ ಚಿತ್ರಕ್ಕಾಗಿ ಕಷ್ಟಪಟ್ಟಿದ್ದೆವು ಎಂಬುದು ಮರೆತು ಯಾವ ಚಿತ್ರ ಚೆನ್ನಾಗಿದೆ ಎಂಬುದಷ್ಟೇ ಉಳಿಯುವುದು ನಿಜ.

ತಡೆದಿಟ್ಟ ಚಿತ್ರಗಳು ಬಂದು ಸೇರುವ ಜಾಗವೆಂದರೆ ಟೈಲರ್ ಅಂಗಡಿಯ ಹಿಂಭಾಗದ ಕೋಣೆ. ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಮೇಲೆ ಸಣ್ಣ ಪ್ರಿಂಟುಗಳನ್ನೆಲ್ಲ ಹರಡುತ್ತೇವೆ. ತೆಗೆದವರು ಬಾಯಿ ತೆರೆಯುವಂತಿಲ್ಲ. ಉಳಿದವರು ಮೇಜಿನ ಸುತ್ತ ನಿಧಾನವಾಗಿ ನಡೆಯುತ್ತ, ತಮಗೆ ಬೇಡವೆನಿಸಿದ ಪ್ರಿಂಟನ್ನು ಕವುಚಿ ಹಾಕುತ್ತ ಹೋಗುತ್ತಾರೆ; ಬೇಕೆನಿಸಿದವರು ಅದನ್ನು ಮತ್ತೆ ಮಗುಚಬಹುದು, ಆದರೆ ಏಕೆ ಎಂದು ಹೇಳಬೇಕು. ನನ್ನ ಚಿತ್ರಗಳ ಸರದಿ ಬಂದ ದಿನ ಒಂದು ಪ್ರಿಂಟು ಹೀಗೆ ಹಲವು ಸಲ ಕವುಚಿ ಮಗುಚಿ ಆಯಿತು. ನೀಲಿ ಟಾರ್ಪಾಲಿನ ಬೆಳಕಿನಲ್ಲಿ ಹಮಾಲರೊಬ್ಬರು ಮೂಟೆಯ ಭಾರಕ್ಕೆ ಬಾಗಿದ್ದಾರೆ, ಬಲಗಡೆಯಿಂದ ಯಾರದೋ ಕೈ ಒಂದು ಲೋಟ ಚಹಾ ಚಾಚಿದೆ, ಆ ಕೈ ಮಾತ್ರ ಬಿಳಿ ಬಿಸಿಲಿನಲ್ಲಿದೆ. ಹಮಾಲರ ಒಂದು ಪಾದ ಚೌಕಟ್ಟಿನಿಂದ ಹೊರಗಿದೆ. ಪಾದ ಕತ್ತರಿಸಿದೆ ಎಂದು ಇಬ್ಬರು ಅದನ್ನು ಕವುಚಿದರು. ಟೈಲರ್ ಅದನ್ನು ಮಗುಚಿ, ‘ಪಾದ ನೋಡೋಕೆ ಹೋದರೆ ಕೈ ತಪ್ಪಿಹೋಗುತ್ತೆ, ಎರಡು ಕೈಯೂ ಮೂಟೆಗೆ ಹೋಗಿರುವಾಗ ಆತ ಲೋಟ ಯಾವ ಕೈಯಲ್ಲಿ ಹಿಡೀತಾನೆ ಅನ್ನೋದೇ ಇಲ್ಲಿರೋ ಪ್ರಶ್ನೆ’ ಎಂದರು. ಮೇಷ್ಟ್ರು ಬಹಳ ಹೊತ್ತು ನೋಡಿ ಮಾತಿಲ್ಲದೆ ಪ್ರಿಂಟನ್ನು ಮೇಜಿನ ನಡುವಿಗೆ ಸರಿಸಿದರು. ಬೆಳಕು ಮಾತ್ರ ಚೆನ್ನಾಗಿದ್ದ, ನನಗೆ ಬಲು ಪ್ರಿಯವಾಗಿದ್ದ ಇನ್ನೊಂದು ಚಿತ್ರವನ್ನು ಎತ್ತಿ, ‘ಇಲ್ಲಿ ಯಾರಿಗೆ ಏನಾಗ್ತಾ ಇದೆಯಮ್ಮಾ?’ ಎಂದು ಕೇಳಿ ಕವುಚಿದರು. ಅದನ್ನು ಯಾರೂ ಮಗುಚಲಿಲ್ಲ.

ನಮ್ಮವರನ್ನು ವರ್ಷಗಟ್ಟಲೆ ಹಿಡಿದಿಟ್ಟಿರುವುದು ಈ ಮೇಜು ಎಂದು ನಾನು ಖಂಡಿತವಾಗಿ ಹೇಳಬಲ್ಲೆ. ಬೀದಿಗೆ ಒಬ್ಬರೇ ಹೋಗಬಹುದು, ಚಿತ್ರವನ್ನೂ ಒಬ್ಬರೇ ತೆಗೆಯಬಹುದು. ಆದರೆ ತಾನು ತೆಗೆದದ್ದನ್ನು ತಾನೇ ಹೊಸ ಕಣ್ಣಿನಿಂದ ನೋಡಲು ಯಾರಿಂದಲೂ ಆಗದು. ಹೊಲಿಗೆಯವರು ಅಳತೆಯನ್ನು ನೋಡುತ್ತಾರೆ, ನರ್ಸಿಂಗ್ ಓದುವ ಹುಡುಗಿ ಬೆನ್ನುಮೂಳೆಯ ಬಾಗನ್ನು ನೋಡುತ್ತಾಳೆ, ಸಾಫ್ಟ್‌ವೇರಿನವರು ಕ್ರಮವನ್ನು ಹುಡುಕುತ್ತಾರೆ. ಮೊಬೈಲಿನಲ್ಲಿ ಸಿಗುವ ಮೆಚ್ಚುಗೆಯ ಗುರುತುಗಳನ್ನು ಇದರ ಪಕ್ಕದಲ್ಲಿಟ್ಟು ತೂಗುವುದೂ ಸಲ್ಲದು. ಮೈಸೂರಿನಲ್ಲಿ ಹುಟ್ಟಿ ದೇಶವನ್ನೆಲ್ಲ ಸುತ್ತಿದ ಪತ್ರಿಕಾ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ಮೇಷ್ಟ್ರು ಇದೇ ಮೇಜಿನ ಮೇಲೆ ನಮಗೆ ತೋರಿಸಿದ್ದು. 1977ರಲ್ಲಿ ಪದ್ಮಶ್ರೀ ಪಡೆದ, 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಚಿತ್ರಗಳು ಪ್ರದರ್ಶನಗೊಂಡ ಆ ಹಿರಿಯರು ಮೆರವಣಿಗೆ, ಭಾಷಣಗಳಷ್ಟೇ ಗಮನವನ್ನು ಶಾಲೆಯ ಹುಡುಗನ ಸ್ಲೇಟಿಗೂ ಕೊಟ್ಟವರು. ಸಾಮಾನ್ಯರ ದಿನಚರಿಯನ್ನು ಗೌರವದಿಂದ ನೋಡುವ ಹಾದಿ ನಮ್ಮ ನಾಡಿನಲ್ಲಿ ನಮಗಿಂತ ಬಹಳ ಮೊದಲೇ ಇತ್ತು ಎಂದು ಕಂಡಾಗ ನಮಗೆಲ್ಲ ಆದ ಸಂತೋಷ ಅಷ್ಟಿಷ್ಟಲ್ಲ.

ಮಾಲಿಕೆ ಒಂದು ಹದಕ್ಕೆ ಬಂದ ಮೇಲೆ ಅದನ್ನು ಎಲ್ಲಿ ತೋರಿಸಬೇಕೆಂಬ ಪ್ರಶ್ನೆ ಎದ್ದಿತು. ಗ್ಯಾಲರಿಯ ಬಾಡಿಗೆ ನಮ್ಮ ಕೈಗೆಟುಕುವಂಥದ್ದಲ್ಲ ಎನ್ನುವುದೊಂದು ಮಾತು. ಅಲ್ಲಿಗೆ ಹಮಾಲರು ಬರುವುದಿಲ್ಲ ಎನ್ನುವುದು ಹೆಚ್ಚು ದೊಡ್ಡ ಮಾತು. ಕೊನೆಗೆ ಅಂಗಡಿಯವರ ಒಪ್ಪಿಗೆ ಪಡೆದು, ವ್ಯಾಪಾರ ಇಳಿದ ಒಂದು ಮಧ್ಯಾಹ್ನ, ಎರಡು ಕಂಬಗಳ ನಡುವೆ ಹಗ್ಗ ಕಟ್ಟಿ, ಬಟ್ಟೆಯ ಕ್ಲಿಪ್ಪುಗಳಿಂದ ದೊಡ್ಡ ಪ್ರಿಂಟುಗಳನ್ನು ಸಾಲಾಗಿ ತೂಗುಹಾಕಿದೆವು. ವಾಹನದಿಂದ ಮೂಟೆ ಇಳಿಯುವುದರಿಂದ ಸಾಲು ಶುರುವಾಗುತ್ತಿತ್ತು. ತಲೆಯ ಮೇಲೆ ಹೊರೆಯಿಲ್ಲದೆ, ಟವಲನ್ನು ಸುತ್ತಿ ಮಾಡಿದ ಸಿಂಬೆಯನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತ ಒಬ್ಬರ ಚಿತ್ರದೊಂದಿಗೆ ಮುಗಿಯುತ್ತಿತ್ತು. ಕೆಲಸ ಮುಗಿದ ಮೇಲಿನ ವಿಶ್ರಾಂತಿ ಎಂದು ಅದನ್ನು ನಾವೆಲ್ಲ ಸೇರಿ ಕೊನೆಯಲ್ಲಿಟ್ಟಿದ್ದೆವು. ಚಿತ್ರದಲ್ಲಿದ್ದವರೇ ಬಂದು ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ, ‘ಮೇಡಂ, ಇದು ಕೊನೇದಲ್ಲ, ಮೊದಲನೇದು’ ಎಂದರು. ಸಿಂಬೆ ಸುತ್ತಿ ಇಟ್ಟುಕೊಂಡಿದ್ದಾರೆ ಎಂದರೆ ಲಾರಿ ಬರುವುದನ್ನು ಕಾಯುತ್ತಿದ್ದಾರೆ ಎಂದರ್ಥ. ಕೆಲಸ ಮುಗಿದರೆ ಅದನ್ನು ಬಿಚ್ಚಿ, ಅದೇ ಟವಲಿನಲ್ಲಿ ಮುಖ ಒರೆಸಿಕೊಂಡು ಹೆಗಲಿಗೆ ಹಾಕಿಕೊಳ್ಳುತ್ತಾರಂತೆ. ಅವರ ಜೊತೆಗಾರರು ಇಬ್ಬರು ಹೌದೆಂದು ತಲೆಯಾಡಿಸಿ, ತಾವೇ ಕ್ಲಿಪ್ಪು ಬಿಚ್ಚಿ, ಆ ಚಿತ್ರವನ್ನು ತಂದು ಸಾಲಿನ ಆರಂಭಕ್ಕೆ ಹಾಕಿದರು. ಹಾಗೆಯೇ ಚಹಾದ ಲೋಟದ ಚಿತ್ರವನ್ನು ಇನ್ನೆರಡು ಚಿತ್ರಗಳ ಹಿಂದಕ್ಕೆ ಸರಿಸಿದರು, ಏಕೆಂದರೆ ಆ ಚಹಾದವನು ಬರುವುದು ಎರಡನೆಯ ಲೋಡಿನ ಹೊತ್ತಿಗೆ. ಮಾಲಿಕೆ ಈಗ ಅವರು ಹಾಕಿಕೊಟ್ಟ ಕ್ರಮದಲ್ಲೇ ಇದೆ.

ಸಂಜೆ ಹಗ್ಗ ಬಿಚ್ಚುವಾಗ, ಯಾರ ಚಿತ್ರವೋ ಅವರಿಗೇ ಎಂದು ಪ್ರಿಂಟುಗಳನ್ನೆಲ್ಲ ಕೊಟ್ಟೆವು. ಅಜ್ಜಿ ತಮ್ಮ ಚಿತ್ರದ ಜೊತೆಗೆ ಹೂವು ಹೊತ್ತು ತರುವವರ ಚಿತ್ರವನ್ನೂ ಕೇಳಿ ಪಡೆದು, ಎರಡನ್ನೂ ಒದ್ದೆಯಾಗದಂತೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಹಣದ ಚೀಲದೊಳಗೆ ಇಟ್ಟುಕೊಂಡರು. ಆ ದಿನ ರಜೆಯಲ್ಲಿದ್ದವರ, ಊರಿಗೆ ಹೋಗಿದ್ದವರ ಪ್ರಿಂಟುಗಳು ಕೆಲವು ಉಳಿದವು. ಅವನ್ನು ಚಹಾದಂಗಡಿಯವರ ಬಳಿ ಒಂದು ಲಕೋಟೆಯಲ್ಲಿ ಕೊಟ್ಟಿದ್ದೇವೆ, ಹಿಂಬದಿಯಲ್ಲಿ ಯಾವ ಮಂಡಿಯವರು ಎಂದು ಪೆನ್ಸಿಲಿನಲ್ಲಿ ಬರೆದಿದೆ. ಭಾನುವಾರ ಮೊದಲು ಬಂದವರು ಲಕೋಟೆ ತೆರೆದು ಯಾರು ಒಯ್ದರು, ಯಾರದು ಉಳಿದಿದೆ ಎಂದು ನೋಡುತ್ತಾರೆ. ಉಳಿದದ್ದನ್ನು ಹಿಡಿದು ಆ ಮಂಡಿಯ ಕಡೆಗೆ ಒಂದು ಸುತ್ತು ಹೋಗಿ ಬಂದ ಮೇಲೆಯೇ ನಮ್ಮ ಆ ದಿನದ ನಡಿಗೆ ಶುರುವಾಗುತ್ತದೆ.